ಮಾವನಿಗೆ ಕೊಂಬು ಬಂದ ಬೇಸಿಗೆ

ನಮ್ಮ ತಂಗಿಯ ಮನೆಯಲ್ಲಿ ಬೇಸಿಗೆ ಬಂತೆಂದರೆ ಮೊದಲು ಅಟ್ಟದಿಂದ ಕೂಲರ್ ಇಳಿಯುತ್ತದೆ, ಆಮೇಲೆ ಅವಳ ತಲೆಯಿಂದ ಪದ್ಯ ಇಳಿಯುತ್ತದೆ, ಕೊನೆಗೆ ಊರ ಮುಂದೆ ನನ್ನ ಮಾನ ಇಳಿಯುತ್ತದೆ. ಪ್ರತಿ ವರ್ಷ ಇದೇ ಕ್ರಮ. ಕೂಲರ್ ಒಮ್ಮೊಮ್ಮೆ ಕೈಕೊಟ್ಟಿದ್ದುಂಟು, ಉಳಿದೆರಡು ಎಂದೂ ಕೈಕೊಟ್ಟಿಲ್ಲ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ನಾನು ಹೇಳದಿದ್ದರೆ ಬೇರೆ ಯಾರೂ ಹೇಳುವುದಿಲ್ಲ. ಸರ್ಕಾರಿ ನೌಕರಿ ಮುಗಿಸಿ ಹೈದರಾಬಾದಿನ ಉಪ್ಪಲ್‌ನಲ್ಲಿ ನೆಲೆಸಿದವನು ನಾನು. ನಮ್ಮ ಬಾಲ್ಕನಿ ಕ್ರಿಕೆಟ್ ಸ್ಟೇಡಿಯಂಗೆ ಎಷ್ಟು ಹತ್ತಿರವೆಂದರೆ, ಯಾರಾದರೂ ಜೋರಾಗಿ ಸಿಕ್ಸರ್ ಹೊಡೆದರೆ ಚೆಂಡು ಬಂದು ನಾವು ಒಣಹಾಕಿದ ಸಂಡಿಗೆಯ ಮೇಲೆ ಬೀಳುತ್ತದೆ. ಅಂಥ ಚೆಂಡನ್ನು ನಾನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿದ್ದ ಚಹಾ ಚೆಲ್ಲದಂತೆ ವಾಪಸ್ ಎಸೆದಿದ್ದೇನೆ. ನಂಬದವರು ಬಂದು ನೋಡಬಹುದು. ಬಾಲ್ಕನಿ ಇದೆ.

ತಂಗಿ ಇರುವುದು ಹಿಮಾಯತ್‌ನಗರದ ಒಂದು ಹಳೇ ಮಹಡಿ ಮನೆಯಲ್ಲಿ. ಗಂಡನದು ಊರೂರು ತಿರುಗುವ ಕೆಲಸ. ಮಕ್ಕಳಿಬ್ಬರು. ಮಗಳು, ಎಂದರೆ ನನ್ನ ಸೊಸೆ, ಐದನೇ ಕ್ಲಾಸು ಮುಗಿಸಿದವಳು; ಮಗ, ನನ್ನ ಅಳಿಯ, ಒಂದನೇ ಕ್ಲಾಸು. ರಜೆಯಲ್ಲಿ ಆ ಮಕ್ಕಳನ್ನು ನೋಡಿಕೊಳ್ಳುವವನು ನಾನು ಎಂದು ನಾನು ಹೇಳುತ್ತೇನೆ. ಮಾವನನ್ನು ನೋಡಿಕೊಳ್ಳುವವರು ತಾವು ಎಂದು ಅವು ಹೇಳುತ್ತವೆ. ಸುತ್ತಲಿನ ಮನೆಗಳಲ್ಲಿ ಎಲ್ಲರೂ 'ಮಾಮಾ' ಆದರೂ ನನ್ನನ್ನು ಮಾತ್ರ 'ಮಾವಾ' ಎಂದೇ ಕರೆಯಬೇಕೆಂದು ತಂಗಿಯ ಕಟ್ಟಪ್ಪಣೆ. ಆ ಮನೆಯಲ್ಲಿ ಉಳಿದಿರುವ ಅಚ್ಚ ಕನ್ನಡ ನಾನೊಬ್ಬನೇ.

ತಂಗಿ ಪದ್ಯ ಬರೆಯುವುದು ಬೇಸಿಗೆಯಲ್ಲಿ ಮಾತ್ರ, ಅದೂ ಮಕ್ಕಳು ರಜೆಯಲ್ಲಿ ಮನೆಯಲ್ಲಿರುವಾಗ. ಮೂರು ನಾಲ್ಕು ಸಾಲು, ಅಷ್ಟೇ. ಕಾಗದ ಬೇಡ ಅವಳಿಗೆ. ನಡುಮನೆಯ ಕಬ್ಬಿಣದ ಅಲ್ಮಾರಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಒಮ್ಮೆ ಗಟ್ಟಿಯಾಗಿ ಓದಿ, ಅನ್ನಕ್ಕಿಡಲು ಹೋಗುತ್ತಾಳೆ. ಹೊಸದು ಹೊಳೆದಾಗ ಹಳೆಯದನ್ನು ಒರೆಸುತ್ತಾಳೆ. "ಒಂದು ಪುಸ್ತಕದಾಗ ಬರೆದಿಡಬಾರದೇನು?" ಎಂದರೆ, "ಬ್ಯಾಸಗಿ ಡಬ್ಬ್ಯಾಗ ತುಂಬಿಡಾಕ ಬರ್ತೈತೇನಣ್ಣಾ?" ಎಂದು ತಿರುಗಿ ಕೇಳುತ್ತಾಳೆ.

ಈ ಸಲದ ಬೇಸಿಗೆ ಶುರುವಾಗಿದ್ದು ಇದರಿಂದ:

ಮಧ್ಯಾಹ್ನ ಮಕ್ಕಳನ್ನು
ಮಲಗಿಸಲು ಹೋದವಳು ನಾನು;
ಎದ್ದಾಗ ಕೂಲರಿನ ಮುಖ
ನನ್ನ ಕಡೆಗೆ ತಿರುಗಿತ್ತು.

ಓದಿ ನಾನು ಕನ್ನಡಕ ತೆಗೆದು ಒರೆಸಿಕೊಂಡೆ. ಬೆವರು. ಬೇಸಿಗೆಯಲ್ಲವೇ.

"ಇಂಥಾ ಪದ್ಯ ಸುಮ್ಮಸುಮ್ಮನ ಬರೂದಿಲ್ಲ ತಂಗಿ. ಹಿಂದೊಂದು ಪ್ರೇರಣೆ ಬೇಕು. ಆ ಪ್ರೇರಣೆ ಯಾರು ಅಂತ ನಾ ಬಾಯಿ ಬಿಟ್ಟು ಹೇಳೂದಿಲ್ಲ," ಎಂದೆ.

"ನಿನಗೇನು ಕೊಂಬು ಬಂದಾವೇನಣ್ಣಾ?" ಎಂದಳು. ಆಮೇಲೆ ಅವಳ ದನಿ ಇಳಿಯಿತು. "ಸಾಲ್ಯಾಗ ಇಂಗ್ಲಿಷು, ಓಣ್ಯಾಗ ತೆಲುಗು, ಆಟದಾಗ ಹಿಂದಿ. ಇವಕ್ಕ ಕನ್ನಡ ಅಂದ್ರ ಹಸಿವಾದಾಗ ಮಾತಾಡೂ ಭಾಷಾ. ಯಾರಿಗೆ ಅಂತ ಬರೀಲಿ? ಇದೊಂದು ಬ್ಯಾಸಗಿ ನೋಡ್ತೀನಿ. ಸಾಲಿ ಸುರು ಆಗೂದರೊಳಗ ನನ್ನ ಒಂದಾದರೂ ಪದ್ಯ ಇವುಗಳ ಬಾಯಾಗ ಕುಂತರ ಸರಿ. ಇಲ್ಲಂದ್ರ ಮುಂದಿನ ವರ್ಷದಿಂದ ಅಲ್ಮಾರಿ ಬರೇ ಅಲ್ಮಾರಿ."

"ಹೆದರಬ್ಯಾಡ. ನಾ ಅದೀನಲ್ಲ!"

"ಅದೂ ಒಂದು ಚಿಂತಿ ಐತಿ," ಎಂದಳು.

ಮಾಗಿದ ಮಾವ

ಮರುದಿನದಿಂದಲೇ ನನ್ನ ಕನ್ನಡ ಶಾಲೆ ಆರಂಭವಾಯಿತು. ನಾನು ಕಲಿಸುವುದೆಂದರೆ ಸಾಮಾನ್ಯವೇ? ನನ್ನ ಕೈಯಲ್ಲಿ ಅಕ್ಷರ ಕಲಿತ ಗಿಳಿಯೊಂದು ಈಗಲೂ ಎಲ್ಲೋ ಒತ್ತಕ್ಷರ ತಪ್ಪದೆ ಮಾತಾಡುತ್ತಿರಬಹುದು. ಹುಡುಗನಿಗೆ ಕ, ಗ, ಮ, ವ ಎಲ್ಲ ಬಂದವು. ಅಷ್ಟರಲ್ಲಿ ಮಾವಿನಹಣ್ಣಿನ ಕಾಲ ಬಂತು, ಅಲ್ಮಾರಿಯ ಮೇಲೆ ಪದ್ಯವೂ ಬಂತು:

ಮಾವು ಮಾಗಿದೆ,
ಮೆತ್ತಗೆ ಒತ್ತಿ ನೋಡಿ ಮಕ್ಕಳೇ;
ಸಿಹಿಯಾಗುವುದೆಂದರೆ
ಒಳಗೊಳಗೇ ಮೆತ್ತಗಾಗುವುದು.

ಎಂಥ ಮಾತು ನೋಡಿ! ಕೊನೆಯೆರಡು ಸಾಲಿಗೆ ನಾನು ಮನಸ್ಸಿನಲ್ಲೇ ಶಾಲು ಹೊದಿಸಿದೆ. ಆಮೇಲೆ ಸೀಕರಣೆ-ಚಪಾತಿ ಊಟ ಮಾಡಿ ಕೂಲರಿನ ಮುಂದೆ ಅಂಗಾತ ಮಲಗಿದೆ.

ಕಣ್ಣು ಹತ್ತಿತ್ತೋ ಇಲ್ಲವೋ, ಹೊಟ್ಟೆಯ ಮೇಲೆ ಯಾರೋ ಬೆರಳಿಟ್ಟು ಒತ್ತಿದಂತಾಯಿತು. ಕಣ್ಣು ಬಿಟ್ಟರೆ ಅಳಿಯ. ಪಕ್ಕದಲ್ಲಿ ನಿಂತು ಸೊಸೆ ತಪಾಸಣೆ ನಡೆಸಿದ್ದಾಳೆ.

"ಮೆತ್ತಗ ಐತಿ ಅಕ್ಕಾ!" ಎಂದ ಅವನು. "ಮಾವ ಮಾಗ್ಯಾನ!"

"ಮೂಸಿ ನೋಡೋ, ತಿಳೀತೈತಿ," ಎಂದಳು ಅಕ್ಕ.

ಅವನು ಬಗ್ಗಿ, ನನ್ನ ಬಗಲ ಹತ್ತಿರ ಮೂಗು ತಂದು, ಹಣ್ಣಿನಂಗಡಿಯವನ ಗಾಂಭೀರ್ಯದಲ್ಲಿ ತಲೆಯಾಡಿಸಿದ. "ಇವತ್ತೇ ತಿನ್ನಬೇಕು. ನಾಳಿಗೆ ಕೆಡ್ತಾನ."

ತಂಗಿ ನಗುತ್ತ ಬಂದು ಅವನನ್ನು ಅಲ್ಮಾರಿಯ ಮುಂದೆ ನಿಲ್ಲಿಸಿದಳು. "ಇಲ್ಲಿ ನೋಡು ಪುಟ್ಟಾ, ವಕಾರಕ್ಕ ಒಂದು ಬಾಲದಂಗ ಹಚ್ಚೇನಲ್ಲ, ಇದಕ್ಕ ಕೊಂಬು ಅಂತಾರ. ಕೊಂಬು ಇದ್ರ ಮಾವು, ತಿನ್ನೂ ಹಣ್ಣು. ಕೊಂಬು ಇಲ್ಲಂದ್ರ ಮಾವ."

ಹುಡುಗ ಅಕ್ಷರ ನೋಡಿದ. ತಿರುಗಿ ನನ್ನ ತಲೆ ನೋಡಿದ. ಅಲ್ಲಿ ಕೂದಲೂ ಇಲ್ಲದ ಕಾರಣ ಅವನಿಗೆ ಯಾವ ಅನುಮಾನವೂ ಉಳಿಯಲಿಲ್ಲ.

"ಹೌದವ್ವಾ, ಇದು ಮಾವನೇ," ಎಂದ.

ಕೂಲರಿನಲ್ಲಿ ಸಂಗೀತ

ಸೊಸೆಗೆ ನನ್ನ ಮೇಲೆ ಪ್ರಾಣ. ದಿನಾ ಬೆಳಿಗ್ಗೆ ಫೋನ್ ಮಾಡಿ, "ಮಾವಾ, ಎಂಡ ಭಾಳ ಐತಿ, ಟೋಪಿ ಹಾಕ್ಕೊಂಡು ಬಾ," ಎನ್ನುತ್ತಾಳೆ. ಎಂಡ ಎಂದರೆ ತೆಲುಗಿನಲ್ಲಿ ಬಿಸಿಲು. ನೆತ್ತಿ ಸುಡುವ ಎಂಡ, ಸಂಜೆಯ ಎಂಡ, ಬಟ್ಟೆ ಒಣಗುವ ಎಂಡ. 'ಬಿಸಿಲು' ಎಂಬ ಶಬ್ದ ಆ ಮಕ್ಕಳ ಬಾಯಿಂದ ಬಂದದ್ದನ್ನು ನಾನಂತೂ ಕೇಳಿದವನಲ್ಲ. ತಂಗಿ ತಿದ್ದಿ ತಿದ್ದಿ ಸೋತಿದ್ದಳು.

ಅಂಥದೇ ಒಂದು ಸುಡು ಮಧ್ಯಾಹ್ನ ಟೋಪಿ ಹಾಕಿಕೊಂಡು ಹೋದಾಗ ಅಲ್ಮಾರಿಯ ಮೇಲೆ ಇದಿತ್ತು:

ಕೂಲರಿನ ಮುಂದೆ ಕುಳಿತು
'ಆ...' ಎನ್ನುತ್ತವೆ ಮಕ್ಕಳು.
ನಡುಗಿ ಮರಳುವ ಆ ದನಿಯಲ್ಲಿ
ನನ್ನದೂ ಒಂದಿದೆ, ಹಳೆಯದು.

"ಮಾವಾ, ನೀನೂ ಸಣ್ಣಾಂವ ಇದ್ದಾಗ ಹಿಂಗ ಮಾಡ್ತಿದ್ದೇನು?" ಎಂದಳು ಸೊಸೆ.

"ಏನವ್ವಾ ಹಂಗಂದ್ರ! ನಾ ಫ್ಯಾನಿನ ಮುಂದ ಹಾಡಿದ್ರ ಓಣ್ಯಾಗಿನ ಜನ ಕೆಲಸ ಬಿಟ್ಟು ನಿಂದರ್ತಿದ್ದರು," ಎಂದೆ. ಇದು ಸತ್ಯ. ಯಾಕೆ ನಿಲ್ಲುತ್ತಿದ್ದರು ಎಂಬುದು ಬೇರೆ ವಿಷಯ.

"ಹಂಗಾದ್ರ ಹಾಡು!"

ಕೂಲರಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಕಣ್ಣು ಮುಚ್ಚಿದೆ. ಕೆಳಗಿನ ಷಡ್ಜದಿಂದ ಎತ್ತಿಕೊಂಡು, ಮೇಲೇರಿ, ಒಂದು ಕಡೆ ನಿಂತು, ಅಲ್ಲಿಂದ ಜಾರಿದೆ. ಕೂಲರಿನ ರೆಕ್ಕೆಗೆ ಸಿಕ್ಕಿದ ನನ್ನ ಗಮಕ ತುಂಡು ತುಂಡಾಗಿ ಮನೆಯೆಲ್ಲ ಹರಡಿತು. ಮಕ್ಕಳು ಬಾಯಿ ತೆರೆದು ಕೂತಿದ್ದವು. ನಾನು ಮೈಮರೆತೆ.

ಬಾಗಿಲು ದಬದಬ ಬಡಿದ ಸದ್ದಾಯಿತು. ಕೆಳಗಿನ ಮನೆಯ ತೆಲುಗು ಅಕ್ಕ. ಒಳ್ಳೆಯ ಹೆಂಗಸು. ತಂಗಿಯ ಮನೆಗೆ ಕಷ್ಟ ಬಂದರೆ ಮೊದಲು ಓಡಿ ಬರುವವಳು. ಏದುಸಿರು ಬಿಡುತ್ತ ಕೇಳಿದಳು:

"ಏಮಂಡೀ, ಮೀ ಕೂಲರ್ ಮೋಟರ್ ಪೋಯಿಂದಾ?"

ಮೋಟರ್ ಹೋಯಿತೇ ಎಂದು ಕೇಳುತ್ತಿದ್ದಾಳೆ. ಇಲ್ಲವೆಂದು ಹೇಳುವ ಮೊದಲೇ ಮೆಕಾನಿಕ್ಕನಿಗೆ ಫೋನೂ ಹಚ್ಚಿಯಾಗಿತ್ತು. ಅವನು ಬಂದ. ಕೂಲರ್ ಬಿಚ್ಚಿ ನೋಡಿದ, ಮತ್ತೆ ಜೋಡಿಸಿದ. ಹೋಗುವಾಗ ನನಗೊಂದು ಸಲಹೆ ಕೊಟ್ಟ: "ಸಾಬ್, ಅಂಥಾ ಸದ್ದು ಮತ್ತೆ ಬಂದರೆ ಮೊದಲು ಸ್ವಿಚ್ ಬಂದ್ ಮಾಡಿಬಿಡಿ."

ಅಳಿಯ ಅಂದಿನಿಂದ ನಾನು ಹಾಡಲು ಬಾಯಿ ತೆರೆದರೆ ನನ್ನ ಬೆನ್ನಿನ ಮೇಲೆ ಸ್ವಿಚ್ ಹುಡುಕುತ್ತಾನೆ.

ಕಲ್ಲು ತಾಗಿದವನು

ಇಷ್ಟು ಹೊತ್ತು ನಕ್ಕಿದ್ದಾಯಿತು. ಈಗ ತಂಗಿ ಮುನಿಸಿಕೊಂಡ ಕಥೆ.

ಒಂದು ಸಂಜೆ ಮಕ್ಕಳು ಕೆಳಗೆ ಆಡಲು ಓಡಿದ್ದನ್ನು ನೋಡಿ ಅವಳು ಬರೆದಳು:

ಬಿಸಿಲು ಇಳಿಯಲಿ ಎಂದೆ,
ಮಕ್ಕಳು ಕಾಯಲಿಲ್ಲ;
ಕಲ್ಲು ಕಾದಿತ್ತು ಅಂಗಳದಲ್ಲಿ,
ಇಳಿದರು, ಕುಣಿದರು.

ನಾನು ಎದ್ದು ನಿಂತು ಓದಿದ ಪದ್ಯ ಇದು. ಕಲ್ಲು ಕಾದು ಬಿಸಿಯಾಗಿತ್ತು, ಮಕ್ಕಳಿಗಾಗಿ ಕಾದು ಕೂತೂ ಇತ್ತು. ಒಂದೇ ಮಾತಿನಲ್ಲಿ ಎರಡು ಅರ್ಥ ಕೂಡಿಸಿದ್ದಳು ನನ್ನ ತಂಗಿ, ಅದೂ ಕುಕ್ಕರ್ ಸೀಟಿ ಎಣಿಸುತ್ತ! ಅವಳ ಮುಖದಲ್ಲೂ ಒಂದು ಸಣ್ಣ ಹೆಮ್ಮೆ ಇತ್ತು. ಮಕ್ಕಳನ್ನು ಕೂರಿಸಿಕೊಂಡು ನಿಧಾನವಾಗಿ ಓದಿ ಹೇಳಿದಳು.

ಮೂರನೇ ಸಾಲಿಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ನೆಲಕ್ಕೆ ಬಿದ್ದು ಉರುಳಾಡಿ ನಕ್ಕರು.

"ಕಲ್ಲಂತ! ಅಂಗಳದಾಗ ಕಲ್ಲಂತ!"

ಯಾಕೆಂದರೆ ತೆಲುಗಿನಲ್ಲಿ ಕಲ್ಲು ಎಂದರೆ ಈಚಲು ಮರದಿಂದ ಇಳಿಸುವ ಹೆಂಡ. ಎರಡು ಅರ್ಥದ ಪದ್ಯಕ್ಕೆ ಮಕ್ಕಳು ಮೂರನೆಯದನ್ನೂ ಕೊಟ್ಟಿದ್ದರು.

ತಂಗಿ ನಗಲಿಲ್ಲ. ಪರಿಸ್ಥಿತಿ ಸುಧಾರಿಸಬೇಕಲ್ಲ, ನಾನು ನನ್ನ ಸಾಹಸದ ಕಥೆ ತೆಗೆದೆ.

ನೌಕರಿ ಸಿಕ್ಕು ನಾನು ಹೈದರಾಬಾದಿಗೆ ಬಂದ ಹೊಸತು. ತೆಲುಗು ಒಂದಕ್ಷರ ಬಾರದು. ಕೋಠಿಯ ಬಸ್ ಸ್ಟಾಪಿನಲ್ಲಿ ಒಬ್ಬ ಮನುಷ್ಯ ಬಿದ್ದಿದ್ದ. ಸುತ್ತ ನಿಂತವರು, "ಕಲ್ಲು ತಾಗಿ ಪಡಿಪೋಯಾಡು," ಎನ್ನುತ್ತಿದ್ದರು. ಹೆಂಡ ಕುಡಿದು ಬಿದ್ದಿದ್ದಾನೆ ಎಂದು ಅವರ ಅರ್ಥ. ನನ್ನ ಕನ್ನಡದ ಕಿವಿಗೆ ಕೇಳಿಸಿದ್ದು, ಕಲ್ಲು ತಾಗಿ ಬಿದ್ದಿದ್ದಾನೆ!

ಮುಂದೆ ನುಗ್ಗಿದೆ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಗಾಯ ಹುಡುಕಿದೆ, ಸಿಗಲಿಲ್ಲ. ಒಳಪೆಟ್ಟು ಎಂದು ನಿರ್ಧರಿಸಿ ನನ್ನ ಹೊಸ ಪಂಚೆಯ ಅಂಚು ಹರಿದು ಹಣೆಗೆ ಬಿಗಿಯಾಗಿ ಪಟ್ಟಿ ಕಟ್ಟಿದೆ. "ಕಲ್ಲು ಒಗೆದಾಂವ ಯಾವ? ಗಂಡಸಾದ್ರ ಮುಂದ ಬರ್ಲಿ!" ಎಂದು ಕೂಗಿದೆ. ಆ ಕೂಗಿಗೆ ಬಿದ್ದವನಿಗೆ ಎಚ್ಚರವಾಯಿತು. ಹಣೆ ಮುಟ್ಟಿಕೊಂಡ. ಪಟ್ಟಿ ಕೈಗೆ ಸಿಕ್ಕಿತು. "ಅಯ್ಯೋ, ನನ್ನ ತಲೆ ಒಡೆದವರು ಯಾರು?" ಎಂದು ಅವನ ಭಾಷೆಯಲ್ಲಿ ಗೋಳಿಟ್ಟ. ಅವನನ್ನು ಹಿಡಿದು ಕೂತಿದ್ದವನು ನಾನೊಬ್ಬನೇ. ಅವನು ನನ್ನ ಕಡೆ ನೋಡಿದ.

ಅಂದು ಕೋಠಿಯಲ್ಲಿ ನಾನು ಓಡಿದ ವೇಗವನ್ನು ಇಂದಿಗೂ ಯಾರೂ ಮುರಿದಿಲ್ಲ. ಆ ಸಂದಣಿಯಲ್ಲಿ ಜನ ನಡೆಯುವುದಕ್ಕೇ ಒದ್ದಾಡುತ್ತಾರೆ.

ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿ ಒದ್ದೆ ಬಟ್ಟೆ ತಂದು ಪದ್ಯ ಒರೆಸಿದಳು.

"ನಗಬ್ಯಾಡ್ರಿ ಅನ್ನೂದಿಲ್ಲ," ಎಂದಳು. "ಆದ್ರ ನಾ ಬರೆದಿದ್ದು ಒಂದು, ಇವರಿಗೆ ಕೇಳಿಸಿದ್ದು ಇನ್ನೊಂದು. ಬಿಡಣ್ಣಾ, ಸಾಕಿನ್ನ."

ಅದರ ನಂತರ ಅಲ್ಮಾರಿಯ ಬಾಗಿಲು ಖಾಲಿಯಾಗಿಯೇ ಉಳಿಯಿತು. ಸೊಸೆ ನೀರು ಕುಡಿಯಲು ಹೋಗುವಾಗ ಬರುವಾಗ ಅದರ ಮುಂದೆ ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ನಾನು ಕೂಲರ್ ಎಷ್ಟು ಜೋರು ಮಾಡಿದರೂ ಆ ಮನೆಯಲ್ಲಿ ಸೆಕೆ ಇಳಿಯಲಿಲ್ಲ.

ಪ್ರೇರಣೆ ಯಾರು?

ಇಕ್ಕಟ್ಟು ಏನೆಂದರೆ, ಅಷ್ಟರಲ್ಲಿ ನಾನು ಇಲ್ಲಿಯ ಕನ್ನಡಿಗರ ಬೇಸಿಗೆ ಕೂಟದಲ್ಲಿ ತಂಗಿಯ ಪದ್ಯ ಓದಿಸುವುದಾಗಿ ಕೂಟದ ಅಧ್ಯಕ್ಷರಿಗೆ ಮಾತು ಕೊಟ್ಟುಬಿಟ್ಟಿದ್ದೆ. ಸುಮ್ಮನೆ ಕೊಟ್ಟಿರಲಿಲ್ಲ. "ಅಕಿ ಓದಿದ್ರ ನಿಮ್ಮ ಸಭಾಂಗಣದ ಗಡಿಯಾರ ನಿಂದರ್ತೈತಿ ನೋಡ್ರಿ," ಎಂದೂ ಸೇರಿಸಿದ್ದೆ.

"ನಾ ಬರೂದಿಲ್ಲ," ಎಂದಳು ತಂಗಿ.

"ಓದಬ್ಯಾಡವ್ವಾ. ಊಟಕ್ಕರ ಬಾ. ಹೋಳಿಗಿ ಮಾಡಸ್ಯಾರ."

ಹೋಳಿಗೆಯ ಹೆಸರು ಕೇಳಿ ಮಕ್ಕಳು ಹೊರಟವು. ಮಕ್ಕಳು ಹೊರಟರೆಂದು ತಂಗಿ ಹೊರಟಳು. ಎಲ್ಲರೂ ಹೊರಟರೆಂದು ಕೆಳಗಿನ ಮನೆಯ ತೆಲುಗು ಅಕ್ಕನೂ ಬಾಗಿಲಿಗೆ ಬೀಗ ಹಾಕಿಕೊಂಡು ಬಂದಳು.

ಹಾಲ್ ತುಂಬಿತ್ತು. ಒಬ್ಬರಾದ ಮೇಲೆ ಒಬ್ಬರು ಓದಿದರು. ತಂಗಿಯ ಹೆಸರು ಕೂಗಿದರು. ಅವಳು ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ. ಮರ್ಯಾದೆಗೆ ಎದ್ದು ಹೋಗಿ ಮೈಕಿನ ಮುಂದೆ ಕೈಮುಗಿದಳು. "ಕ್ಷಮಿಸ್ರಿ. ನಾ ಬರೆದಿದ್ದು ಬರೆದಂಗ ಒರೆಸಿಬಿಡ್ತೀನಿ. ಓದಾಕ ಏನೂ ಉಳಿದಿಲ್ಲ."

ತಿರುಗಿ ಬರಬೇಕೆನ್ನುವಷ್ಟರಲ್ಲಿ ನನ್ನ ಪಕ್ಕದ ಕುರ್ಚಿಯಿಂದ ಒಂದು ದನಿ ಎದ್ದಿತು.

"ನನಗ ಬರ್ತಾವ."

ಸೊಸೆ! ಫ್ರಾಕು ಕೊಡವಿಕೊಂಡು ವೇದಿಕೆ ಹತ್ತಿಯೇಬಿಟ್ಟಳು. ತಂಗಿ ನಿಂತಲ್ಲೇ ನಿಂತಳು. ಹುಡುಗಿ ಕೈಕಟ್ಟಿಕೊಂಡು ಶುರುಮಾಡಿದಳು. ಮಲಗಿಸಲು ಹೋದವಳ ಪದ್ಯ ಬಂತು. ಕೂಲರಿನ ಮುಂದಿನ 'ಆ...' ಬಂತು, ದನಿ ನಡುಗಿಸಿಯೇ ಹೇಳಿದಳು. ಮಾವಿನ ಪದ್ಯದಲ್ಲಿ ಕೊಂಬನ್ನು ಎಲ್ಲರಿಗೂ ಕೇಳುವಂತೆ "ಮಾವೂ" ಎಂದು ಎಳೆದಳು. ಹಿಂದಿನ ವರ್ಷಗಳಲ್ಲಿ ಒರೆಸಿಹೋಗಿ ನಾನೂ ಮರೆತಿದ್ದವು ಬಂದವು. ಹಾಲಿನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಗಡಿಯಾರ ನಾನು ನೋಡಲಿಲ್ಲ, ಆದರೆ ಅದು ನಿಂತಿತ್ತೆಂದು ಈಗಲೂ ಹೇಳುತ್ತೇನೆ.

"ಇಷ್ಟೆಲ್ಲ ಹೆಂಗ ನೆನಪೈತಿ ಮಗಳೇ?" ಎಂದು ಅಧ್ಯಕ್ಷರು ಬೆರಗಾಗಿ ಕೇಳಿದರು.

"ಅವ್ವ ಒರೆಸ್ತಾಳಂತ ಗೊತ್ತಿತ್ರೀ. ಅದಕ್ಕ ಅಕಿ ಓದಿದಾಗೆಲ್ಲ ಲಗೂನ ನೆನಪಿಟ್ಕೋತಿದ್ದೆ," ಎಂದಳು. ನಾನು ಮತ್ತೆ ಕನ್ನಡಕ ಒರೆಸಿಕೊಂಡೆ. ಹಾಲಿನಲ್ಲಿ ಎಸಿ ಇತ್ತು, ಹೀಗಾಗಿ ಈ ಸಲ ಬೆವರು ಎನ್ನಲಾರೆ.

"ಇನ್ನೊಂದೇ ಐತ್ರಿ. ಅವ್ವಗ ಭಾಳ ಸೇರಿದ್ದು," ಎಂದು ಹುಡುಗಿ ಕಲ್ಲಿನ ಪದ್ಯಕ್ಕೆ ಬಂದಳು. ಬಾಯಿ ತೆರೆದಳು. ನಿಂತಳು. ಮೊದಲ ಶಬ್ದವೇ ಬರಲೊಲ್ಲದು! ಸೂರು ನೋಡಿದಳು, ಕಾಲು ನೋಡಿದಳು, ತುಟಿ ಕಚ್ಚಿದಳು.

ಮುಂದಿನ ಸಾಲಿನಲ್ಲಿ ಕೂತಿದ್ದ ಅಳಿಯನಿಗೆ ಅಕ್ಕನ ಸಂಕಟ ನೋಡಲಾಗಲಿಲ್ಲ. ಕುರ್ಚಿಯ ಮೇಲೆ ನಿಂತು ಕೂಗಿದ.

"ಎಂಡ, ಅಕ್ಕಾ! ಎಂಡ!"

ಹುಡುಗಿಯ ಮುಖ ಅರಳಿತು. ಮೈಕಿಗೆ ಬಾಯಿ ಹಚ್ಚಿ ಗಟ್ಟಿಯಾಗಿ ಹೇಳಿದಳು:

"ಎಂಡ ಇಳಿಯಲಿ ಎಂದೆ, ಮಕ್ಕಳು ಕಾಯಲಿಲ್ಲ!"

ಹಾಲಿನ ಕನ್ನಡಿಗರಿಗೆಲ್ಲ ಒಮ್ಮೆಗೇ 'ಹೆಂಡ' ಎಂದು ಕೇಳಿಸಿತು. ಹಕಾರ ಮೈಕು ನುಂಗಿರಬೇಕೆಂದುಕೊಂಡರು. ಮುಂದಿನ ಸಾಲಿನ ಹಿರಿಯರೊಬ್ಬರು ಪಕ್ಕದವರನ್ನು ಕೇಳಿದರು, "ಮಕ್ಕಳು ಕಾಯಲಿಲ್ಲಂತ?" ಅಷ್ಟರಲ್ಲಿ ಹುಡುಗಿ ಮುಂದುವರಿಸಿದ್ದಳು:

"ಕಲ್ಲು ಕಾದಿತ್ತು ಅಂಗಳದಲ್ಲಿ..."

ಇಷ್ಟು ಹೊತ್ತು ಒಂದು ಮಾತೂ ತಿಳಿಯದೆ ಸುಮ್ಮನೆ ಕೂತಿದ್ದ ತೆಲುಗು ಅಕ್ಕನಿಗೆ ಒಂದೇ ಒಂದು ಶಬ್ದ ತಿಳಿಯಿತು. ಎದೆಯ ಮೇಲೆ ಕೈಯಿಟ್ಟುಕೊಂಡು, "ಅಯ್ಯೋ ದೇವುಡಾ, ಪಿಲ್ಲಲಕು ಕಲ್ಲಾ!" ಎಂದು ಕೂಗಿದಳು. ಮಕ್ಕಳಿಗೆ ಹೆಂಡವೇ ಎಂದು! ಹೀಗೆ ಕನ್ನಡದವರಿಗೆ ಮೊದಲ ಸಾಲಿನಲ್ಲಿ ಹೆಂಡ ಸಿಕ್ಕಿದರೆ ತೆಲುಗಿನವರಿಗೆ ಮೂರನೇ ಸಾಲಿನಲ್ಲಿ ಸಿಕ್ಕಿತು. ಹುಡುಗಿ ಯಾವುದಕ್ಕೂ ಜಗ್ಗದೆ ಮುಗಿಸಿದಳು:

"ಇಳಿದರು, ಕುಣಿದರು!"

ಹಾಲ್ ಬಿರಿದು ಹೋಗುವಂಥ ನಗು. ನಾನು ಹೆದರಿ ತಂಗಿಯ ಕಡೆ ನೋಡಿದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಮಗಳನ್ನು ಎದೆಗೊತ್ತಿಕೊಂಡು, ವೇದಿಕೆಯ ಮೇಲಿಂದಲೇ ನನಗೆ ಕೂಗಿ ಹೇಳಿದಳು, "ಅಣ್ಣಾ, ಒರೆಸಿದ್ದೂ ಅಳಿಸಿಲ್ಲೋ! ಎಲ್ಲಾ ಇಕಿ ಬಾಯಾಗ ಕುಂತಾವ!"

ಅಧ್ಯಕ್ಷರು ಕರ್ಚೀಫಿನಿಂದ ಕಣ್ಣೊರೆಸಿಕೊಂಡು ಮೈಕು ಹಿಡಿದರು. "ಇರ್ಲಿ ಇರ್ಲಿ. ಆದ್ರ ಮನಿಯಾಗ ಇಷ್ಟೊಂದು ಹೆಂಡದ ಮಾತು ಯಾರಿಂದ ಬಂತವ್ವಾ? ಇದಕ್ಕೆಲ್ಲಾ ಪ್ರೇರಣೆ ಯಾರು?"

ಪ್ರೇರಣೆ! ಎಷ್ಟು ಬೇಸಿಗೆಗಳಿಂದ ಆ ಒಂದು ಶಬ್ದಕ್ಕಾಗಿ ಕಾದಿದ್ದೆ ನಾನು! ಮುಂದೇನು ಹಿಂದೇನು ನೋಡಲಿಲ್ಲ. ಎದ್ದು ನಿಂತೆ. ಅಂಗಿ ಸರಿಮಾಡಿಕೊಂಡೆ. ಹಾಲಿನ ನಾಲ್ಕೂ ದಿಕ್ಕಿಗೆ ತಿರುಗಿ ಕೈಮುಗಿದೆ.

ಅಂಥ ಚಪ್ಪಾಳೆ ನನಗೆ ಜೀವನದಲ್ಲಿ ಸಿಕ್ಕಿಲ್ಲ. ಯಾಕೆ ಬಿತ್ತೆಂದು ತಿಳಿದದ್ದು ಊಟದ ಸಾಲಿನಲ್ಲಿ, ಬಡಿಸುವವನು ನನ್ನ ಎಲೆಯ ಪಕ್ಕ ಮಜ್ಜಿಗೆಯ ಲೋಟ ಇಟ್ಟು, "ಸದ್ಯಕ್ಕ ಇದರಾಗ ಸುಧಾರಿಸ್ರಿ," ಎಂದಾಗ.

ಶಾಲೆ ಶುರುವಾಗುವ ಹಿಂದಿನ ದಿನ ಮೊದಲ ಮಳೆ ಹನಿಯಿತು. ತಂಗಿ ಫೋನ್ ಮಾಡಿ, "ಬಾ ಅಣ್ಣಾ, ಅಲ್ಮಾರಿ ಮ್ಯಾಲ ನಿನ್ನ ಸಲುವಾಗಿ ಒಂದು ಬರೆದೀನಿ," ಎಂದಳು. ಮೆಟ್ರೋದಲ್ಲಿ ಪಕ್ಕ ಕೂತವರಿಗೆಲ್ಲ ಸುದ್ದಿ ಹೇಳುತ್ತ ಹೋದೆ. ಬಾಗಿಲಲ್ಲೇ ಸೊಸೆ ಬಾಯಿಪಾಠ ಒಪ್ಪಿಸಿದಳು:

ಹಣ್ಣಿನ ಕಾಲ ಮುಗಿಯಿತು,
ಮಳೆಯೂ ಬಂತು;
ಮಾವ ಮಾತ್ರ ಈ ಮನೆಯಲ್ಲಿ
ಎಲ್ಲ ಕಾಲಕ್ಕೂ ಸಿಹಿ.

ಕನ್ನಡಕ ಒರೆಸಿಕೊಳ್ಳುತ್ತ ಒಳಗೆ ಹೋಗಿ ಅಲ್ಮಾರಿಯ ಮುಂದೆ ನಿಂತೆ. ಅಲ್ಲಿ ಅಳಿಯ ಕುರ್ಚಿಯ ಮೇಲೆ ಹತ್ತಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು, ಏನೋ ತಿದ್ದಿ ಮುಗಿಸಿ ಇಳಿಯುತ್ತಿದ್ದ. ಹಣ್ಣಿನ ಪದ್ಯದಲ್ಲಿ ಅವ್ವ ಅಷ್ಟು ದೊಡ್ಡ ತಪ್ಪು ಮಾಡಿದ್ದು ಅವನಿಗೆ ಸಹಿಸಲಾಗಿರಲಿಲ್ಲ. ಮೂರನೇ ಸಾಲು ಈಗ ಹೀಗಿತ್ತು: ಮಾವು ಮಾತ್ರ ಈ ಮನೆಯಲ್ಲಿ.

"ನೋಡು ಮಾವಾ," ಎಂದ ಹೆಮ್ಮೆಯಿಂದ, "ಅವ್ವ ಮರೆತಿದ್ಳು. ನಿನಗ ನಾನೇ ಕೊಂಬು ಹಚ್ಚೀನಿ!"